ಚಾಕಣದ ಒಂದು ತಿಳಿ ಸೀರಮ್

ಮಸ್ಕತ್‌ನಿಂದ

ವಿದೇಶ ಪ್ರವಾಸ ಮಾಡಿ ಬಂದೆ ಎಂದರೆ ಇಲ್ಲಿಯ ನಮ್ಮ ಕನ್ನಡ ಬಳಗದವರು ನಗುತ್ತಾರೆ. ಪುಣೆಗೆ ಹೋಗಿ ಬಂದದ್ದು ಯಾವ ಸೀಮೆಯ ವಿದೇಶ ಅನ್ನುತ್ತಾರೆ. ನಗಲಿ ಬಿಡಿ. ಮೂರು ವರ್ಷದ ನನ್ನನ್ನು ಅಪ್ಪ ಹಾಸನದಿಂದ ಎತ್ತಿಕೊಂಡು ಬಂದು ಮಸ್ಕತ್ತಿನಲ್ಲಿ ಇಳಿಸಿದರು. ಓದಿದ್ದು ಇಲ್ಲಿ, ಕೆಲಸ ಇಲ್ಲಿ, ಮದುವೆಯಾಗಿ ಸಂಸಾರ ಹೂಡಿದ್ದೂ ಇಲ್ಲಿಯೇ. ರಜೆಗೆ ಊರಿಗೆ ಹೋದರೆ ಒಬ್ಬ ಅತ್ತೆಯ ಮನೆಯಿಂದ ಇನ್ನೊಬ್ಬ ಅತ್ತೆಯ ಮನೆಗೆ ಹೋಗುವಷ್ಟರಲ್ಲಿ ರಜೆ ಮುಗಿದಿರುತ್ತದೆ. ಮಹಾರಾಷ್ಟ್ರದ ನೆಲವನ್ನು ನಾನು ಮೆಟ್ಟಿದ್ದು ಇದೇ ಮೊದಲು. ಸಮುದ್ರ ದಾಟಿದರೆ ವಿದೇಶ ಅನ್ನುವುದಾದರೆ ನಾನೂ ದಾಟಿದ್ದೇನೆ, ಎಲ್ಲರೂ ದಾಟುವ ದಿಕ್ಕಿಗೆ ತಿರುಗುಮುರುಗಾಗಿ.

ಹೋಗಿದ್ದು ಕೆಲಸದ ಮೇಲೆ. ನಾನು ಇಲ್ಲಿಯ ಸಣ್ಣ ಆಸ್ಪತ್ರೆಯೊಂದರ ರಕ್ತಪರೀಕ್ಷೆ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಬೇಸಿಗೆ ಬಂತೆಂದರೆ ಬಿಸಿಲಲ್ಲಿ ದುಡಿಯುವವರು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಬೆವರು ಹರಿಸಿ, ನೀರು ಕುಡಿಯದೆ, ಮೂತ್ರಪಿಂಡ ಸೊರಗಿಸಿಕೊಂಡು, ಬಹಳ ತಡವಾಗಿ ಬರುತ್ತಾರೆ. ಪುಣೆಯ ಹತ್ತಿರದ ತಳೇಗಾಂವದಲ್ಲಿ ಒಂದು ತಂಡ ಇದರ ಸುಳಿವನ್ನು ಬೇಗ ಹಿಡಿಯುವ ಚಿಕ್ಕ ಯಂತ್ರವೊಂದನ್ನು ಕಟ್ಟುತ್ತಿದೆ ಎಂದು ತಿಳಿದು, ಕಣ್ಣಾರೆ ನೋಡಿ ಬಾ ಎಂದು ನಮ್ಮ ಡಾಕ್ಟರು ನನ್ನನ್ನು ಕಳಿಸಿದರು.

ಯಂತ್ರದ ಕೆಲಸ ಹೇಳಿದರೆ ಸುಲಭ. ರಕ್ತವನ್ನು ಟ್ಯೂಬಿಗೆ ತೆಗೆದು ಸುಮ್ಮನೆ ಇಟ್ಟರೆ ಕೆಂಪಿನದೆಲ್ಲ ಹೆಪ್ಪುಗಟ್ಟುತ್ತದೆ. ಆಮೇಲೆ ಅದನ್ನು ಗಿರಗಿರನೆ ತಿರುಗಿಸಿದರೆ ಹೆಪ್ಪು ಕೆಳಗೆ ಕೂತು ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ಅದೇ ಸೀರಮ್. ಬರಿಗಣ್ಣಿಗೆ ನನ್ನದೂ ಒಂದೇ, ನಿಮ್ಮದೂ ಒಂದೇ. ಅದರೊಳಗೆ ನೇರಳಾತೀತ ಬೆಳಕನ್ನು ಹಾಯಿಸಿದಾಗ ಮಾತ್ರ ಒಬ್ಬೊಬ್ಬರ ಗುಟ್ಟು ಹೊರಬೀಳುತ್ತದೆ. ಮೂತ್ರಪಿಂಡ ಆಚೆ ಹಾಕಬೇಕಾದ ಕಸ ರಕ್ತದಲ್ಲೇ ಉಳಿದಿದ್ದರೆ ಆ ಕಸ ಈ ಬೆಳಕನ್ನು ಹೀರಿಕೊಳ್ಳುತ್ತದೆ. ಕಸ ಹೆಚ್ಚಾದಷ್ಟೂ ಪರದೆಯ ಮೇಲಿನ ಗೆರೆ ಒಂದು ಗೊತ್ತಾದ ಜಾಗದಲ್ಲಿ ದಿಬ್ಬದ ಹಾಗೆ ಮೇಲೇಳುತ್ತದೆ. ಸೀರಮ್ ತಿಳಿಯಾಗಿರಬೇಕು ಅನ್ನುವುದೊಂದೇ ಷರತ್ತು. ಅದಕ್ಕೇ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವುದು.

ದೇಹೂ ರೋಡ್

ನನಗೆ ಇಳಿದುಕೊಳ್ಳಲು ಮನೆ ಸಿಕ್ಕಿದ್ದು ಪಕ್ಕದ ದೇಹೂ ರೋಡ್ ಎಂಬ ಊರಿನಲ್ಲಿ. ನಮ್ಮ ಬಳಗದ ವಿಜಯಪುರದ ಗೆಳತಿಯ ಚಿಕ್ಕಮ್ಮ ಗಂಗಕ್ಕ, ಅವರ ಯಜಮಾನರು ಶಿವಾನಂದಪ್ಪನವರು. ಅಲ್ಲೇ ಆಚೆ, ಕಾರು ಕಾರ್ಖಾನೆಗಳ ಚಾಕಣದಲ್ಲಿ ಅವರಿಗೆ ಸಿಮೆಂಟು, ಕಬ್ಬಿಣದ ಅಂಗಡಿಯಿದೆ. ಹೋಟೆಲಿನಲ್ಲಿರುತ್ತೇನೆ ಎಂದು ನಾನು ಫೋನಿನಲ್ಲೇ ಹೇಳಿದ್ದೆ. "ಹೋಟೆಲ್ನ್ಯಾಗ ಯಾರ್ ಇರ್ತಾರ ತಂಗಿ, ಮನಿ ಇಲ್ಲದವ್ರು ಇರ್ತಾರ" ಎಂದು ಗಂಗಕ್ಕ ಫೋನಿಟ್ಟರು. ಅಲ್ಲಿಗೆ ಆ ಮಾತು ಮುಗಿಯಿತು.

ಮೊದಲ ದಿನವೇ ನನ್ನ ಮಾನ ಹೋಯಿತು. ಮಸ್ಕತ್ತಿನಲ್ಲಿ ರಸ್ತೆ ದಾಟಲು ಬಿಳಿ ಪಟ್ಟೆಯ ಮೇಲೆ ಒಂದು ಕಾಲಿಟ್ಟರೆ ಸಾಕು, ಎಂಥ ದೊಡ್ಡ ಕಾರಾದರೂ ನಿಲ್ಲುತ್ತದೆ. ಅದೇ ಧೈರ್ಯದಲ್ಲಿ ಹೆದ್ದಾರಿಯ ಪಕ್ಕ ಕಾಲು ಮುಂದಿಟ್ಟು ನಿಂತೆ. ಯಾರೂ ನಿಲ್ಲಲಿಲ್ಲ. ಕಾಲು ಹಿಂದೆ ತೆಗೆದೆ, ಮತ್ತೆ ಇಟ್ಟೆ. ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡು ಕಣ್ಣು ಮಾತ್ರ ಬಿಟ್ಟ ಸ್ಕೂಟರಿನ ಹುಡುಗಿಯೊಬ್ಬಳು ನನ್ನನ್ನು ಬೈದುಕೊಂಡೇ ಹೋದಳು. ಕೊನೆಗೆ ಒಂಬತ್ತು ಗಜದ ಸೀರೆಯುಟ್ಟ ಅಜ್ಜಿಯೊಬ್ಬಳು ಏನೂ ಹೇಳದೆ ನನ್ನ ಮಣಿಕಟ್ಟು ಹಿಡಿದು, ಎಡಕ್ಕಾಗಲಿ ಬಲಕ್ಕಾಗಲಿ ನೋಡದೆ, ತನ್ನ ಹಿತ್ತಲಿನಲ್ಲಿ ನಡೆದ ಹಾಗೆ ದಾಟಿಸಿಬಿಟ್ಟಳು. ಆಚೆ ದಡದಲ್ಲಿ ಕೈ ಬಿಟ್ಟು "ಜಾ ಬಾಳಾ" ಎಂದಳು. ಐವತ್ತು ದಾಟಿದ ನನಗೆ ಮಗು ಎಂದವಳು ಇತ್ತೀಚೆಗೆ ಅವಳೊಬ್ಬಳೇ.

ಗಂಗಕ್ಕನ ಮನೆ ಎರಡು ಭಾಷೆಗಳ ನಡುವಿನ ಹೊಸ್ತಿಲು. ಆಚೆ ತರಕಾರಿಯವನ ಜೊತೆ ಮರಾಠಿಯಲ್ಲಿ ಜಗಳ ಶುರುಮಾಡಿ, ಬಾಗಿಲೊಳಗೆ ಕಾಲಿಡುತ್ತಲೇ ಅದೇ ಜಗಳವನ್ನು ಕನ್ನಡದಲ್ಲಿ ಮುಗಿಸುತ್ತಾರೆ. ನನ್ನ ಹಾಸನದ ಕನ್ನಡ ಅವರಿಗೆ ತಮಾಷೆ. "ನೀ ಮಾತಾಡಿದ್ರ ರೇಡಿಯೋದಾಗ ವಾರ್ತಾ ಕೇಳಿದ್ಹಂಗ ಆಗ್ತದ ನೋಡವಾ" ಅನ್ನುತ್ತಿದ್ದರು. ಊಟಕ್ಕೆ ಕೂತರೆ ಸಾಕು ಅನ್ನುವ ಮಾತು ಅವರ ಕಿವಿಗೆ ಬೀಳುವುದಿಲ್ಲ. ತಟ್ಟೆಯ ಮೇಲೆ ಎರಡು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಇಳಿಯುತ್ತಿತ್ತು.

ತಳೇಗಾಂವ

ಯಂತ್ರ ಕಟ್ಟಿದ ತಂಡದ ಮುಖ್ಯಸ್ಥೆ ಮಾಧವಿತಾಯಿ. ನನ್ನ ವಯಸ್ಸಿನವರು, ಸಣಕಲು ಮೈ, ಮಾತು ಇನ್ನೂ ಸಣ್ಣದು. ಕಾರ್ಖಾನೆಗಳ ಸಾಲಿನ ಕೊನೆಯಲ್ಲಿ ಅವರ ಪ್ರಯೋಗಶಾಲೆ. ಯಂತ್ರವಿರುವ ಕೋಣೆಗೆ ಚಹಾ ತರುವಂತಿಲ್ಲ, ಸೆಂಟು ಹಾಕಿಕೊಂಡು ಬರುವಂತಿಲ್ಲ, ಜೋರಾಗಿ ನಗುವಂತೆಯೂ ಇಲ್ಲವೇನೋ ಅನ್ನಿಸುತ್ತಿತ್ತು. ಹಾಗೆಂದು ಚಹಾಕ್ಕೆ ಬರವಿಲ್ಲ. ಕೆಲಸ ಅರ್ಧಕ್ಕೆ ನಿಲ್ಲಿಸಿ ಎಲ್ಲರೂ ಆಚೆ ಬೇವಿನ ಮರದಡಿ ಹೋಗಿ, ಬೆರಳುದ್ದದ ಗ್ಲಾಸಿನಲ್ಲಿ ಕುಡಿದು, ಒಂದೂ ಮಾತಾಡದೆ ಒಳಗೆ ಬರುತ್ತಿದ್ದರು. ನಮ್ಮ ಮಸ್ಕತ್ತಿನಲ್ಲಿ ಕಾವಾ ಕಾಫಿ ಕುಡಿಯುವುದೇ ಮಾತಾಡುವುದಕ್ಕೆ. ಇಲ್ಲಿ ಚಹಾ ಕುಡಿಯುವುದು ಚಹಾ ಕುಡಿಯುವುದಕ್ಕೆ.

ಸೀರಮ್ ಹಾಕುವ ಪುಟ್ಟ ಚೌಕದ ಪಾತ್ರೆಯನ್ನು ಅವರು ನನಗೆ ತೋರಿಸಿದರು. ಗಾಜಿನಂತೆ ಕಂಡರೂ ಗಾಜಲ್ಲ, ಸ್ಫಟಿಕ ಶಿಲೆಯದು. ಗಾಜು ಈ ಬೆಳಕನ್ನು ತಾನೇ ನುಂಗಿಬಿಡುತ್ತದೆ. ಎರಡು ಮಗ್ಗುಲು ಹೊಳಪು, ಎರಡು ಮಗ್ಗುಲು ಮಬ್ಬು. ಹಿಡಿಯುವುದು ಮಬ್ಬಾದ ಕಡೆ ಮಾತ್ರ. ಹೊಳಪಿನ ಕಡೆ ಬೆರಳು ತಾಗಿದರೆ ಬೆರಳ ಜಿಡ್ಡೇ ರೋಗದ ಹಾಗೆ ಕಾಣಿಸುತ್ತದೆ. ನಾನು ಈ ಕೆಲಸ ಮಾಡಿ ಕೂದಲು ಹಣ್ಣಾಗಿದೆ, ಆದರೂ ಅವರೆದುರು ಮಬ್ಬಿನ ಕಡೆ ಯಾವುದೆಂದು ಎರಡು ಸಲ ನೋಡಿಯೇ ಅದನ್ನು ಹಿಡಿದೆ.

ಅಲ್ಲಿಯೇ ಮೊದಲು ಶರಣಪ್ಪನ ಹೆಸರು ಕೇಳಿದ್ದು. ಯಾದಗಿರಿ ಕಡೆಯಿಂದ ಬಂದು ಚಾಕಣದಲ್ಲಿ ಗಾರೆ ಕೆಲಸ ಮಾಡುವ ಆಳು. ಹಿಂದಿನ ತಿಂಗಳು ಚಾಕಣದ ಕೂಲಿಯವರ ಮೇಲೆ ಯಂತ್ರವನ್ನು ಮೊದಲ ಸಲ ಪರೀಕ್ಷಿಸಿದಾಗ ಅವನ ಗೆರೆ ಎಲ್ಲರಿಗಿಂತ ಮೇಲೆ ಬಂದಿತ್ತಂತೆ. ಇದು ಇನ್ನೂ ಪರೀಕ್ಷೆಯಲ್ಲಿರುವ ಯಂತ್ರ, ಇನ್ನೊಮ್ಮೆ ನೋಡೋಣ ಎಂದು ಇವರು ಹೇಳಿ ಬಂದಿದ್ದರು. ಹೇಳಿದ್ದು ಅಷ್ಟೇ. ಕೇಳಿದವನಿಗೆ ಮಾತ್ರ ಯಮನ ಓಲೆ ಬಂದ ಹಾಗಾಗಿತ್ತು. ಅವರ ಊರಿನಲ್ಲಿ ಕಿಡ್ನಿ ಹೋಗಿ ಇಬ್ಬರು ತೀರಿಕೊಂಡಿದ್ದನ್ನು ನೋಡಿದವನು. ಕೆಲಸಕ್ಕೆ ಬಂದರೂ ಕರಣೆ ಹಿಡಿದು ಸುಮ್ಮನೆ ಕೂರುತ್ತಾನೆ, ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿಬಿಟ್ಟಿದ್ದಾನೆ ಎಂದು ಸಂಜೆ ಮನೆಯಲ್ಲಿ ಶಿವಾನಂದಪ್ಪನವರು ಹೇಳಿದರು, ಆ ಕೂಲಿಯವರೆಲ್ಲ ಅವರ ಅಂಗಡಿಗೆ ಬಂದುಹೋಗುವವರು. ಈಗ ಅವನ ಜೊತೆ ಇರುವವಳು ಅಕ್ಕ ಬಸಮ್ಮ. ಗಂಡ ಬಿಟ್ಟುಹೋದ ಮೇಲೆ ಅದೇ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತ, ತಮ್ಮನಿಗೆ ಬೇಯಿಸಿ ಹಾಕುತ್ತ, ದೇವರಿಗೆ ಹರಕೆ ಹೊರುತ್ತ ಇದ್ದಾಳೆ.

ಹೀಗೆ ನಾನು ಯಂತ್ರ ನೋಡಲು ಬಂದವಳು ಶರಣಪ್ಪನ ದಾರಿ ಕಾಯುವವಳಾದೆ. ಚಾಕಣದಲ್ಲಿ ಗುರುವಾರ ಕೆಲಸಕ್ಕೆ ರಜೆ. ಆ ದಿನ ಬೆಳಿಗ್ಗೆ ಶಿವಾನಂದಪ್ಪನವರ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡುವುದೆಂದು ಗೊತ್ತಾಯಿತು.

ಚಾಕಣ

ಬುಧವಾರ ಸಂಜೆ ಗಂಗಕ್ಕನ ಅಡುಗೆಮನೆಯಲ್ಲಿ ಶೇಂಗಾ ಹುರಿಯುವ ಘಮ. ಬೆಲ್ಲ, ಎಳ್ಳು, ಏಲಕ್ಕಿ. ಒಂದು ರಾಶಿ ಕಣಕ. ನಾನು ಮಸ್ಕತ್ತಿಗೆ ಒಯ್ಯಲು ಹೋಳಿಗೆ ಮಾಡುತ್ತಿದ್ದಾರೆ ಎಂದು ಭಾವಿಸಿ, "ಇಷ್ಟೊಂದು ಬೇಡ ಗಂಗಕ್ಕ, ವಿಮಾನದಲ್ಲಿ ತೂಕ ಜಾಸ್ತಿಯಾಗುತ್ತೆ" ಎಂದು ನಾಚಿಕೊಂಡೆ. ಅವರು ನನ್ನ ಮುಖ ನೋಡಿ ನಕ್ಕು ಇನ್ನೊಂದು ಹಿಡಿ ಬೆಲ್ಲ ಸುರಿದರು. ನನ್ನ ಜಂಬಕ್ಕೆ ಅಲ್ಲೇ ಕೇಳಿ ತಿಳಿದುಕೊಳ್ಳುವ ಬುದ್ಧಿ ಬರಲಿಲ್ಲ.

ಬೆಳಗಾಗುತ್ತಲೇ ನಾನು ತಳೇಗಾಂವಕ್ಕೆ ಹೋಗಿ ಮಾಧವಿತಾಯಿಯವರ ಜೊತೆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಚಾಕಣಕ್ಕೆ ಹೊರಟೆ. ತಳೇಗಾಂವ–ಚಾಕಣ ರಸ್ತೆಯಲ್ಲಿ ಹೋದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಹೊಸ ಕಾರುಗಳನ್ನು ಹೊತ್ತ ಉದ್ದನೆಯ ಲಾರಿಗಳು ಒಂದರ ಹಿಂದೊಂದು ನಿಂತಿದ್ದವು. ಓಡಬೇಕಾದ ಕಾರುಗಳೆಲ್ಲ ಲಾರಿಯ ಮೇಲೆ ಆರಾಮಾಗಿ ಕೂತು ನಮ್ಮನ್ನು ನೋಡುತ್ತಿದ್ದವು. ಮಾಧವಿತಾಯಿ ಕೋಪ ಮಾಡಿಕೊಳ್ಳಲಿಲ್ಲ, ಚೀಲದಿಂದ ಪೋಹೆಯ, ಅಂದರೆ ಒಗ್ಗರಣೆ ಅವಲಕ್ಕಿಯ ಡಬ್ಬಿ ತೆಗೆದು ನನಗೊಂದು ಚಮಚ ಕೊಟ್ಟರು. ಆ ಜಾಮಿನಲ್ಲಿ ಜನ ಇಳಿದು ಚಹಾ ಕುಡಿದರು, ಒಬ್ಬ ಗಡ್ಡ ಬೋಳಿಸಿಕೊಂಡ. ನಾವು ಗೋದಾಮು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಹತ್ತಿರವಾಗಿತ್ತು.

ಕೂಲಿಯವರು ಸಿಮೆಂಟು ಚೀಲಗಳ ಮೇಲೆ ಸಾಲಾಗಿ ಕೂತಿದ್ದರು. ಮುಖದಲ್ಲಿ ಹಸಿವಿನ ಸುಳಿವಿಲ್ಲ, ಒಳ್ಳೆ ಕಳೆ. ನಾನು ಪಾಪ, ಎಷ್ಟು ತಾಳ್ಮೆಯ ಜನ ಎಂದುಕೊಂಡೆ. ಶರಣಪ್ಪ ಎಲ್ಲರಿಗಿಂತ ಹಿಂದೆ, ಬಾಗಿಲಿಗೆ ಒರಗಿ ನಿಂತಿದ್ದ. ಆಳು ಬಾಗಿಲಿನಷ್ಟೇ ಇದ್ದಾನೆ, ಸೂಜಿ ಕಂಡೊಡನೆ ಮುಖ ಬಿಳಿಚಿತು. "ನಾ ಒಲ್ಲೆರಿ. ಒಮ್ಮೆ ಕೊಟ್ಟಿದ್ಕ ಇಷ್ಟ್ ಆಗ್ಯದ. ಇನ್ನೊಮ್ಮೆ ಕೊಟ್ರ ಏನ್ ಹೇಳ್ತೀರೋ ಏನೋ" ಎಂದ.

ಆಗ ಅವನ ಪಕ್ಕದಿಂದ ಎದ್ದು ಬಂದವಳು ಬಸಮ್ಮ. ತೆಳ್ಳಗಿನ ಹೆಂಗಸು, ಹಣೆಯಲ್ಲಿ ಅಗಲದ ವಿಭೂತಿ, ತುಟಿ ಒಣಗಿದೆ. ನಮ್ಮ ಪಟ್ಟಿಯಲ್ಲಿ ಅವಳಿರಲಿಲ್ಲ. ಕುರ್ಚಿಯ ಮೇಲೆ ಕೂತು ತೋಳು ಚಾಚಿದಳು. "ಮೊದ್ಲ ನಂದು ತೊಗೊಳ್ರಿ ಅಕ್ಕಾರ. ಅವಗ ಧೈರ್ಯ ಬರ್ಲಿ. ಸಣ್ಣವಿದ್ದಾಗ ಕಹಿ ಔಷಧನೂ ಹಿಂಗೇ, ಮೊದ್ಲ ನಾ ಕುಡದು ತೋರಸ್ಬೇಕು." ತಮ್ಮನ ಕಡೆ ನೋಡುತ್ತ ನಗುತ್ತಲೇ ರಕ್ತ ಕೊಟ್ಟಳು. ಶರಣಪ್ಪ ತಲೆ ತಗ್ಗಿಸಿಕೊಂಡು ಬಂದು ಕೂತ. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿ ಅಕ್ಕನ ಸೆರಗು ಹಿಡಿದುಕೊಂಡಿದ್ದ. ಯಾರೂ ನಗಲಿಲ್ಲ.

ರಕ್ತ ಹೆಪ್ಪುಗಟ್ಟಲು ಬಿಟ್ಟು, ಆಮೇಲೆ ತಿರುಗುವ ಯಂತ್ರಕ್ಕೆ ಹಾಕಿ ತೆಗೆದಾಗ ಮಾಧವಿತಾಯಿಯವರ ಬಾಯಿಂದ "ಅರೇ ದೇವಾ" ಎಂದು ಬಂತು. ಟ್ಯೂಬುಗಳಲ್ಲಿ ತಿಳಿ ಇರಲಿಲ್ಲ. ನೀರುಮಜ್ಜಿಗೆ ಇತ್ತು. ಶರಣಪ್ಪನದೂ ಅದೇ, ಪಕ್ಕದವನದೂ ಅದೇ. ಕೊಬ್ಬಿನ ಊಟ ಮಾಡಿ ಮೂರು ನಾಲ್ಕು ಗಂಟೆಯಾದ ಮೇಲೆ ರಕ್ತ ತೆಗೆದರೆ ಹೀಗಾಗುತ್ತದೆ. ಅಂಥ ಸೀರಮ್ಮಿನಲ್ಲಿ ಬೆಳಕು ಚೆಲ್ಲಾಪಿಲ್ಲಿಯಾಗಿ ಗೆರೆ ಇಡಿಯಾಗಿ ಮೇಲೇರುತ್ತದೆ, ರೋಗವಿದ್ದರೂ ಇಲ್ಲದಿದ್ದರೂ.

ನಾನು ಸುತ್ತ ನೋಡಿದೆ. ಗೋದಾಮಿನ ಮೂಲೆಯಲ್ಲಿ ಖಾಲಿ ಬುಟ್ಟಿಗಳು, ತುಪ್ಪದ ತಂಬಿಗೆ, ಅವುಗಳ ಪಕ್ಕ ತೃಪ್ತಿಯಿಂದ ಕೂತ ಗಂಗಕ್ಕ.

"ಹೋಳಿಗೆ ತಿನ್ನಿಸಿದ್ರಾ ಇವರಿಗೆ?"

"ಮತ್ತ? ನಸುಕಿನ್ಯಾಗ ಬಂದ್ ಕುಂತಾರ. ಮೈಯಾಗಿಂದು ರಕ್ತಾ ಕೊಡೋರು. ಖಾಲಿ ಹೊಟ್ಟ್ಯಾಗ ಕೂಡ್ಸಿ ರಕ್ತಾ ತೊಗೊಂಡ್ರ ನಮ್ಮನಿ ಉದ್ಧಾರ ಆಗ್ತದೇನು?"

"ಖಾಲಿ ಹೊಟ್ಟೇಲಿ ಬರಬೇಕು ಅಂತ ಹೇಳಿದ್ದೆ ನಾನು."

"ಬಂದಿದ್ರಲ್ಲ ತಂಗಿ. ಖಾಲಿ ಹೊಟ್ಟ್ಯಾಗನ ಬಂದಿದ್ರು. ಬಂದಮ್ಯಾಲ ಹಾಕೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಇಡೀ ದಿನ ಹಾಳು ಮಾಡಿದ್ದೀರಿ, ಆ ಮನುಷ್ಯ ಇನ್ನೆಷ್ಟು ದಿನ ಹೆದರಿ ಸಾಯಬೇಕು ಎಂದೆಲ್ಲ ಎಲ್ಲರೆದುರು ಅಂದುಬಿಟ್ಟೆ. ಗಂಗಕ್ಕ ತಂಬಿಗೆ ಎತ್ತಿಕೊಂಡು ಹೊರಗೆ ಹೋದರು. ನಾವು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಆ ತುಪ್ಪ ಇನ್ನೂ ಹೊಟ್ಟೆಯಲ್ಲೇ ಇರುತ್ತಿತ್ತು, ರಕ್ತಕ್ಕೆ ಇಳಿದಿರುತ್ತಿರಲಿಲ್ಲ ಎಂದು ಮಾಧವಿತಾಯಿ ಮೆಲ್ಲಗೆ ಹೇಳಿದರು. ತುಪ್ಪಕ್ಕೆ ದಾರಿ ಮಾಡಿಕೊಟ್ಟದ್ದು ಚಾಕಣದ ಜಾಮು. ಅದಕ್ಕೆ ಯಾರ ಮೇಲೆ ಕೂಗಾಡುವುದು?

ಟ್ಯೂಬುಗಳನ್ನು ಎತ್ತಿಡುವಾಗ ಅವರು ಒಂದನ್ನು ಬೆಳಕಿಗೆ ಹಿಡಿದರು. ಅದೊಂದು ತಿಳಿಯಾಗಿತ್ತು, ಒಣಹುಲ್ಲಿನ ಚೆಂದದ ಬಣ್ಣ. "ಒಂದಾದರೂ ಸಿಕ್ಕಿತಲ್ಲ" ಎಂದು ಅದನ್ನು ಉಪ್ಪುನೀರಿನಲ್ಲಿ ತೆಳುಮಾಡಿ ಯಂತ್ರದಲ್ಲಿಟ್ಟರು. ಯಂತ್ರ ಸರಿಯಿದೆಯೋ ಇಲ್ಲವೋ ನೋಡಲಿಕ್ಕೆ ಒಂದು ತಿಳಿ ಸೀರಮ್ ಬೇಕಿತ್ತು, ಅಷ್ಟೇ.

ಗೆರೆ ಎದ್ದಿತು. ದಿಬ್ಬವಲ್ಲ, ಗುಡ್ಡ.

ಮಾಧವಿತಾಯಿ ಪಾತ್ರೆಯನ್ನು ತೆಗೆದು ಹೊಳಪಿನ ಮಗ್ಗುಲುಗಳನ್ನು ಒರೆಸಿದರು. ಮತ್ತೆ ಇಟ್ಟರು. ಅದೇ ಗುಡ್ಡ. ಬೇರೆ ಪಾತ್ರೆಯಲ್ಲಿ ಹೊಸದಾಗಿ ಹಾಕಿದರು. ಅದೇ. ನಾನು ಟ್ಯೂಬಿನ ಮೇಲಿನ ಹೆಸರು ಓದಿದೆ. ಬಸಮ್ಮ.

ಬಸಮ್ಮನ ವಾರ

ಹೊರಗೆ ಹೋಗಿ ಗಂಗಕ್ಕನನ್ನು ಹುಡುಕಿದೆ. ಅಂಗಡಿಯ ಮೆಟ್ಟಿಲ ಮೇಲೆ ಮುಖ ಬೇರೆ ಕಡೆ ತಿರುಗಿಸಿ ಕೂತಿದ್ದರು.

"ಬಸಮ್ಮ ಹೋಳಿಗೆ ತಿನ್ನಲಿಲ್ವಾ?"

"ಇಲ್ಲ. ಎಷ್ಟ್ ಅಂದ್ರೂ ಮುಟ್ಟಲಿಲ್ಲ. ಗುರುವಾರ ಅಲ್ಲೇನು, ವಾರ ಹಿಡದಾಳ. ದತ್ತಂದು." ಆಮೇಲೆ ಕುಟುಕಿದರು. "ಆಕಿ ಒಬ್ಬಾಕಿ ನಿನ್ನ ಮಾತ್ ಕೇಳ್ಯಾಳ ನೋಡು, ದೇವ್ರ ಹೆಸರಿಲೆ."

ವಾರ ಹಿಡಿಯುವುದೆಂದರೆ ಒಂದು ದೇವರ ಹೆಸರಿನಲ್ಲಿ ಒಂದು ದಿನ ಉಪವಾಸ. ನಮ್ಮ ಬಳಗದಲ್ಲೂ ಶನಿವಾರ ಮಾಡುವವರಿದ್ದಾರೆ. ಅದರಲ್ಲೇನೂ ವಿಶೇಷವಿಲ್ಲ ಎಂದುಕೊಂಡು ಸುಮ್ಮನೆ ಶರಣಪ್ಪನನ್ನು ಕೇಳಿದೆ, ಅಕ್ಕ ಇದೊಂದೇ ವಾರ ಮಾಡುವುದಾ ಎಂದು. ಅವನ ಮುಖದಲ್ಲಿ ಆ ದಿನ ಮೊದಲ ಸಲ ಹೆಮ್ಮೆ ಕಂಡಿತು.

"ಒಂದಾ? ಎಲ್ಲಾ ವಾರ ಮಾಡ್ತಾಳ್ರಿ ನಮ್ಮಕ್ಕ. ಸೋಮವಾರ ಮಲ್ಲಯ್ಯಂದು, ಮಂಗಳವಾರ ಎಲ್ಲಮ್ಮಂದು, ಗುರುವಾರ ದತ್ತಂದು, ಶುಕ್ರವಾರ ಲಕ್ಷ್ಮೀದು, ಶನಿವಾರ ಹನಮಪ್ಪಂದು. ನಂಗ ಆರಾಮ್ ಆಗ್ಲಿ ಅಂತ. ಶೆಡ್ಡಿನಾಗ ಹೆಣ್ಮಕ್ಳೆಲ್ಲಾ ಆಕಿ ಕಾಲ ಮುಟ್ಟಿ ನಮಸ್ಕಾರ ಮಾಡ್ತಾರ್ರಿ."

"ಬುಧವಾರ? ರವಿವಾರ?"

ಅವನು ಬೆರಳು ಮಡಚಿ ವಾರಗಳನ್ನು ಎಣಿಸಿದ. "ಆ ದಿನ ಹೊಟ್ಟಿ ಸರಿ ಇಲ್ಲ ಅಂತಾಳ್ರಿ."

ಅಷ್ಟು ಹೇಳಿದವನೇ ನನ್ನ ಮುಖ ನೋಡಿದ. ಅವನ ನಗು ಅಲ್ಲಿಯೇ ನಿಂತಿತು. ಮೂತ್ರಪಿಂಡ ಸೋತವರಿಗೆ ಮೊದಲು ಹೋಗುವುದು ಹಸಿವು. ಅನ್ನ ಕಂಡರೆ ವಾಕರಿಕೆ, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ನಮ್ಮ ಆಸ್ಪತ್ರೆಗೆ ಬರುವ ಗಂಡಸರು ಊಟ ಸೇರುವುದಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಾರೆ. ಮನೆಯವರಿಗೆ ಬೇಯಿಸಿ ಹಾಕಿ ತಾನು ಉಣ್ಣದೆ ಎದ್ದುಹೋಗುವ ಹೆಂಗಸು ಏನೆಂದು ಹೇಳಬೇಕು?

ಬಸಮ್ಮನನ್ನು ಗೋದಾಮಿನ ಹಿಂದೆ ಕರೆದುಕೊಂಡು ಹೋಗಿ ಕೂರಿಸಿಕೊಂಡೆ. ಗಂಗಕ್ಕ ತಾವಾಗಿಯೇ ಬಂದು ಪಕ್ಕದಲ್ಲಿ ಕೂತರು. ಹಸಿವಾಗುತ್ತಾ ಎಂದು ಕೇಳಿದೆ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು.

"ಯುಗಾದಿ ಮುಂದಿಂದ ಹಸಿವಿ ಆಗವಲ್ದ್ರಿ. ರೊಟ್ಟಿ ವಾಸನಿ ಬಂದ್ರ ಒಳಗ ಕಲಸ್ತದ. ಉಣ್ಣಂಗಿಲ್ಲ ಅಂದ್ರ ತಮ್ಮ ನೂರಾ ಎಂಟ್ ಕೇಳ್ತಾನ. ಅವನ ಚಿಂತಿ ಅವಗೇ ಹೊರೆ ಆಗ್ಯದ. ವಾರ ಅದ ಅಂದ್ರ ಯಾರೂ ಕೇಳಲ್ರಿ."

"ನೋವಿಗೆ ಏನಾದರೂ ಗುಳಿಗೆ?"

"ಸೊಂಟ ಹಿಡಿತದ್ರಿ ಇಟ್ಟಂಗಿ ಹೊತ್ತು. ಮುಂಜಾನಿ ಒಂದು, ಸಂಜಿಕ ಒಂದು. ಕಿರಾಣಿ ಅಂಗಡ್ಯಾಗ ಕೊಡ್ತಾರ."

"ನೀರು?"

ಅವಳು ಗಂಗಕ್ಕನ ಮುಖ ನೋಡಿದಳು, ನನ್ನದಲ್ಲ. "ಬಿಲ್ಡಿಂಗನ್ಯಾಗ ಗಂಡಸ್ರು ಎಲ್ಲೆರ ಹೋಗ್ತಾರ. ನಾವ್ ಎಲ್ಲಿ ಹೋಗ್ಬೇಕ್ರಿ? ಅದಕ್ಕ ಕೆಲಸಕ್ಕ ನಿಂತ್ರ ನೀರ್ ಕುಡಿಯಲ್ರಿ."

ಗಂಗಕ್ಕ ಬಾಯಿಗೆ ಸೆರಗು ಹಚ್ಚಿಕೊಂಡರು. ನನಗೆ ಅಳು ಬರಲಿಲ್ಲ, ಬಂದದ್ದು ಕೋಪ. ಕಾರು ಕಟ್ಟುವ ಊರಿನಲ್ಲಿ ಹೆಂಗಸಿಗೆ ಮರೆಯಾಗಲು ನಾಲ್ಕು ಗೋಡೆ ಕಟ್ಟಲು ಯಾರಿಗೂ ಹೊಳೆದಿಲ್ಲ. ಮಸ್ಕತ್ತಿನ ನನ್ನ ರೋಗಿಗಳೆಲ್ಲ ಗಂಡಸರೇ. ಈ ಕಾರಣ ನನ್ನ ಕಿವಿಗೆ ಈ ಮೊದಲು ಬಿದ್ದಿರಲೇ ಇಲ್ಲ.

ತಳೇಗಾಂವ, ಮತ್ತೆ

ಅದೇ ಮಧ್ಯಾಹ್ನ ಶಿವಾನಂದಪ್ಪನವರ ಗಾಡಿಯಲ್ಲಿ ಬಸಮ್ಮನನ್ನು ತಳೇಗಾಂವದ ಆಸ್ಪತ್ರೆಗೆ ಸೇರಿಸಿದೆವು. ಯಂತ್ರ ಕೊಟ್ಟದ್ದು ಸುಳಿವು ಮಾತ್ರ. ಅಲ್ಲಿ ಎಂದಿನ ಪರೀಕ್ಷೆಗಳನ್ನೆಲ್ಲ ಮಾಡಿದರು, ಅವೂ ಅದನ್ನೇ ಹೇಳಿದವು. ಮೂತ್ರಪಿಂಡ ಪೂರ್ತಿ ಕೆಟ್ಟಿಲ್ಲ, ದೊಡ್ಡ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ಮೂತ್ರಪಿಂಡಕ್ಕೆ ವಿಷವಾಗಿದ್ದ ಆ ನೋವಿನ ಗುಳಿಗೆ ನಿಲ್ಲಿಸಿ, ನೀರು ಕೊಟ್ಟು ನೋಡೋಣ. ಚೇತರಿಸಿಕೊಂಡರೆ ಸರಿ, ಇಲ್ಲದಿದ್ದರೆ ಡಯಾಲಿಸಿಸ್. ಎರಡರಲ್ಲಿ ಯಾವುದು ಎಂದು ಕೇಳಿದ್ದಕ್ಕೆ, ಇನ್ನೊಂದೆರಡು ವಾರ ತಡವಾಗಿದ್ದರೆ ಕೇಳುವ ಅಗತ್ಯವೇ ಇರುತ್ತಿರಲಿಲ್ಲ ಎಂದರು.

ಮೂರನೆಯ ದಿನ ಶರಣಪ್ಪ ತಾನೇ ತಳೇಗಾಂವಕ್ಕೆ ಬಂದ, ನಿಜವಾಗಿಯೂ ಖಾಲಿ ಹೊಟ್ಟೆಯಲ್ಲಿ. ತೋಳು ತಾನಾಗಿಯೇ ಚಾಚಿದ. ಹಿಡಿದುಕೊಳ್ಳಲು ಸೆರಗಿರಲಿಲ್ಲ, ಕುರ್ಚಿಯ ಅಂಚನ್ನು ಹಿಡಿದುಕೊಂಡ. ಅವನ ಸೀರಮ್ ತಿಳಿಯಾಗಿತ್ತು, ಗೆರೆಯೂ ತಣ್ಣಗೆ ಮಲಗಿತ್ತು. ಹಿಂದಿನ ತಿಂಗಳು ರಕ್ತ ಕೊಡುವ ಮೊದಲು ಏನು ತಿಂದಿದ್ದೆ ಎಂದು ಮಾಧವಿತಾಯಿ ಕೇಳಿದರು. ಗೆಳೆಯರು ಶಕ್ತಿ ಬರಲಿ ಎಂದು ಮೊಳಕೆಕಾಳಿನ ಖಾರದ ಮಿಸಳ್ ತಿನ್ನಿಸಿದ್ದರಂತೆ, ಮೇಲಿನ ಎಣ್ಣೆಯೆಲ್ಲ ಅವನಿಗೇ ಹಾಕಿಸಿ. ಅಂದಿನ ಸೀರಮ್ಮಿನ ಮಬ್ಬು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಿನಗೇನೂ ಆಗಿಲ್ಲ ಎಂದು ನಾನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಅವನು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ.

"ನಂದು ನೋಡಿ ನೋಡಿ ಆಕಿದು ಯಾರೂ ನೋಡಲಿಲ್ಲ ನೋಡ್ರಿ" ಎಂದ.

ಗಂಗಕ್ಕನಿಗೆ ನಾನು ಕ್ಷಮೆ ಕೇಳಲು ಹೋದರೆ ಅವರು ಅವಕಾಶವನ್ನೇ ಕೊಡಲಿಲ್ಲ. "ಬಿಡವಾ, ನೀ ಬೈದಿದ್ದು ಖರೇನ ಇತ್ತು. ಆದ್ರ ನಾ ಮತ್ತ ಹಂಗೇ ಮಾಡ್ತಿದ್ನಿ" ಎಂದು ಉಪ್ಪು ಕಡಿಮೆಯ ಅಡುಗೆ ಹೇಗೆ ಮಾಡುವುದೆಂದು ಕೇಳಿ ತಿಳಿದುಕೊಂಡರು. ಆ ದಿನದಿಂದ ಅವರ ಮನೆಯಿಂದ ಆಸ್ಪತ್ರೆಗೆ ಡಬ್ಬಿ ಹೋಗತೊಡಗಿತು. ಮುಚ್ಚಳ ತೆಗೆಯದೆ ಹಾಗೆಯೇ ವಾಪಸು ಬರುತ್ತಿತ್ತು. ಗಂಗಕ್ಕ ಅದನ್ನು ತೊಳೆದು, ಮರುದಿನ ಮತ್ತೆ ತುಂಬಿಸಿ ಕಳಿಸುತ್ತಿದ್ದರು. ಆ ಹೊತ್ತಿಗೆ ನಾನು ಪುಣೆಯಲ್ಲಿ ನೋಡಬೇಕಾದ ಕೋಟೆ, ಪೇಟೆ ಯಾವುದನ್ನೂ ನೋಡಿರಲಿಲ್ಲ. ನೋಡುವ ಮನಸ್ಸೂ ಇರಲಿಲ್ಲ. ಬಸಮ್ಮನ ಹೊಸ ಸೀರಮ್ ಬಂದಾಗೆಲ್ಲ ಮಾಧವಿತಾಯಿ ನಮ್ಮ ಯಂತ್ರದಲ್ಲೂ ಒಮ್ಮೆ ಇಟ್ಟು ನೋಡುತ್ತಿದ್ದರು. ಗುಡ್ಡ ಗುಡ್ಡವಾಗಿಯೇ ಇತ್ತು. ಆಮೇಲೆ ಒಂದು ದಿನ ತುದಿ ಒಂದಿಷ್ಟು ತಗ್ಗಿದ ಹಾಗೆ ಕಂಡಿತು. ನಾವಿಬ್ಬರೂ ಅದನ್ನು ಬಾಯಿಬಿಟ್ಟು ಹೇಳದೆ ಬೇವಿನ ಮರದಡಿ ಹೋಗಿ ಚಹಾ ಕುಡಿದೆವು.

ಚಾಕಣ, ಸೋಮವಾರ

ನಾನು ಹೊರಡುವ ಹಿಂದಿನ ದಿನ ಬಸಮ್ಮನನ್ನು ಆಸ್ಪತ್ರೆಯಿಂದ ಬಿಟ್ಟಿದ್ದರು. ಡಯಾಲಿಸಿಸ್ ಸದ್ಯಕ್ಕೆ ಬೇಡ, ಆದರೆ ಪೂರ್ತಿ ಗೆದ್ದಂತೆಯೂ ಅಲ್ಲ, ಊಟ ಸೇರಿದರೆ ಅರ್ಧ ದಾರಿ ಬಂದಂತೆ ಎಂದಿದ್ದರು ಡಾಕ್ಟರು. ನಾನೂ ಗಂಗಕ್ಕನೂ ಡಬ್ಬಿ ಹಿಡಿದು ಅವರ ಶೆಡ್ಡಿಗೆ ಹೋದೆವು. ತಗಡಿನ ಗೋಡೆ ಕಾದು ಒಳಗೆ ಒಲೆಯ ಮುಂದೆ ಕೂತ ಹಾಗಿತ್ತು. ಶರಣಪ್ಪ ಹೊರಗೆ ನಾಲ್ಕು ಕಂಬ ನೆಟ್ಟು ತಗಡು ಬಡಿಯುತ್ತಿದ್ದ, ಹೆಂಗಸರಿಗೆಂದು ಒಂದು ಮರೆ. ಗುತ್ತಿಗೆದಾರನನ್ನು ಕೇಳಿದೆಯಾ ಎಂದರೆ, "ಕೇಳಿಲ್ರಿ, ಕಟ್ಲಕತ್ತೀನಿ" ಎಂದ.

ಗಂಗಕ್ಕ ಡಬ್ಬಿ ಬಿಚ್ಚಿ ತಾಟಿನಲ್ಲಿ ಜೋಳದ ರೊಟ್ಟಿ, ಹೀರೆಕಾಯಿ ಪಲ್ಯ ಹಾಕಿ ಬಸಮ್ಮನ ಮುಂದಿಟ್ಟರು. ಅವಳು ತಾಟನ್ನು ನೋಡುತ್ತ ಕೂತಳು. ನಾನು ಅವಳ ಮುಖ ನೋಡಲಾರದೆ ಬಾಗಿಲ ಕಡೆ ನೋಡಿದೆ. ಸ್ವಲ್ಪ ಹೊತ್ತಿಗೆ ಒಣರೊಟ್ಟಿ ಮುರಿದ ಸದ್ದು ಕೇಳಿಸಿತು. ತಿರುಗಿದರೆ ಅವಳ ಬಾಯಲ್ಲಿ ತುತ್ತಿತ್ತು. ಮೆಲ್ಲಗೆ, ಬಹಳ ಮೆಲ್ಲಗೆ ಅಗಿಯುತ್ತಿದ್ದಳು. ಗಂಗಕ್ಕ ಏನು ಮಾಡಬೇಕೆಂದು ತಿಳಿಯದೆ, ಬಾಯಿ ತಪ್ಪಿ ಅಂದುಬಿಟ್ಟರು. "ಬಸಮ್ಮಾ, ಇವತ್ತು ಸೋಮವಾರ ಐತಲ್ಲ."

"ಗೊತ್ತದ್ರಿ" ಎಂದಳು ಬಸಮ್ಮ, ಇನ್ನೊಂದು ಚೂರು ಮುರಿಯುತ್ತ. "ಮಲ್ಲಯ್ಯಗ ಕೈ ಮುಗದು ಹೇಳೀನಿ. ಇವತ್ತ ನಂಗ ಹಸಿವಿ ಆಗ್ಯದ ಅಂತ."